ಪೂರ್ತಿ ಸಂಶಯಪಡುವುದು ಹೇಗೆ?

ಮೂರು ಸಂಗತಿ ಹೇಳುತ್ತೇನೆ. ಯಾವುದು ನಿಜ, ಯಾವುದು ಸುಳ್ಳು ಅಂತ ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ.

ಮೊದಲನೆಯದು: ಒಂದು ಸರ್ಕಾರದ ಆರೋಗ್ಯ ಇಲಾಖೆ ನೂರಾರು ಬಡ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದೇವೆ ಅಂತ ಸುಳ್ಳು ಹೇಳಿತು. ಔಷಧಿ ಕೈಯಲ್ಲಿದ್ದರೂ ಕೊಡದೆ, ಕಾಯಿಲೆ ಹೇಗೆ ಬೆಳೆಯುತ್ತದೆ ಅಂತ ನಲವತ್ತು ವರ್ಷ ನೋಡುತ್ತಾ ಕೂತಿತು. ಎರಡನೆಯದು: ಒಂದು ಗೂಢಚಾರ ಸಂಸ್ಥೆ ತಾನು ಹುಡುಕುತ್ತಿದ್ದ ಮನುಷ್ಯ ಒಂದು ಮನೆಯಲ್ಲಿ ಅಡಗಿದ್ದಾನಾ ಅಂತ ತಿಳಿಯಲು ಲಸಿಕೆ ಅಭಿಯಾನದ ನಾಟಕ ಆಡಿತು. ಮೂರನೆಯದು: ವಿಮಾನಗಳ ಹಿಂದೆ ಆಕಾಶದಲ್ಲಿ ಕಾಣುವ ಬಿಳಿ ಗೆರೆ, ಜನರ ಮೇಲೆ ಗುಟ್ಟಾಗಿ ಸಿಂಪಡಿಸುವ ರಾಸಾಯನಿಕ.

ಮೂರೂ ಸುಳ್ಳು ಅಂತ ಅಂದುಕೊಂಡವರು ತುಂಬಾ ಜನ ಇರಬಹುದು. ಮೊದಲಿನ ಎರಡು ನಿಜ.

ಮೊದಲನೆಯದು ನಡೆದದ್ದು ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ, 1932ರಿಂದ 1972ರವರೆಗೆ. ಸುಮಾರು 600 ಕಪ್ಪು ಜನಾಂಗದ ಗಂಡಸರು ಅದರಲ್ಲಿದ್ದರು. 399 ಮಂದಿಗೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇತ್ತು. ಅವರಿಗೆ ಹೇಳಿದ್ದು 'ನಿಮ್ಮ ರಕ್ತ ಕೆಟ್ಟಿದೆ' ಅಂತ ಮಾತ್ರ. 1947ರ ಹೊತ್ತಿಗೆ ಪೆನಿಸಿಲಿನ್ ಈ ಕಾಯಿಲೆಗೆ ಮದ್ದು ಅಂತ ಎಲ್ಲರಿಗೂ ಗೊತ್ತಾಗಿತ್ತು. ಇವರಿಗೆ ಕೊಡಲಿಲ್ಲ. ಎರಡನೆಯದು 2011ರದ್ದು. ಪಾಕಿಸ್ತಾನದ ಅಬ್ಬೊಟ್ಟಾಬಾದ್‌ನಲ್ಲಿ ಬಿನ್ ಲಾಡೆನ್ ಇದ್ದಾನೆ ಅನ್ನುವ ಅನುಮಾನ ಬಂದಾಗ, ಆ ಮನೆಯವರ ಡಿಎನ್ಎ ಪಡೆಯಲು ಸಿಐಎ ಹೆಪಟೈಟಿಸ್ ಬಿ ಲಸಿಕೆ ಕಾರ್ಯಕ್ರಮವನ್ನು ಮುಸುಕಾಗಿ ಬಳಸಿತು. ಇನ್ನು ಮುಂದೆ ಲಸಿಕೆ ಕಾರ್ಯಕ್ರಮಗಳನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಅಂತ 2014ರಲ್ಲಿ ಶ್ವೇತಭವನವೇ ಹೇಳಬೇಕಾಯಿತು.

ಮೂರನೆಯದಕ್ಕೆ ಕಾರಣ ತುಂಬಾ ಸರಳ. ಇಂಧನ ಉರಿದಾಗ ನೀರಿನ ಆವಿ ಹೊರಬರುತ್ತದೆ. ಹತ್ತು ಕಿಲೋಮೀಟರ್ ಎತ್ತರದ ಕೊರೆಯುವ ಚಳಿಯಲ್ಲಿ ಅದು ಹಿಮದ ಕಣವಾಗುತ್ತದೆ. ಅಲ್ಲಿನ ಗಾಳಿ ಒಣಗಿದ್ದರೆ ಗೆರೆ ಬೇಗ ಮಾಯ, ತೇವ ಇದ್ದರೆ ಗಂಟೆಗಟ್ಟಲೆ ಉಳಿಯುತ್ತದೆ. ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳ ಹಿಂದೆಯೂ ಇದೇ ಗೆರೆ ಇತ್ತು.

ನಾನು ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಪಿತೂರಿ ಕತೆಗಳ ವಿರುದ್ಧ ಮಾತಾಡುವವರು ಅನೇಕ ಸಲ 'ಅಯ್ಯೋ, ಹಾಗೆಲ್ಲ ಎಲ್ಲಿ ನಡೆಯುತ್ತೆ' ಅಂತ ಶುರು ಮಾಡುತ್ತಾರೆ. ಅಲ್ಲೇ ಸೋಲುತ್ತಾರೆ. ಹಾಗೆಲ್ಲ ನಡೆಯುತ್ತದೆ, ನಡೆದಿದೆ. ಎದುರಿಗೆ ಕೂತವನಿಗೆ ಅದು ಗೊತ್ತಿದೆ. ಹಾಗಾಗಿ ಇವತ್ತು ನಮ್ಮ ಮುಂದಿರುವ ಪ್ರಶ್ನೆ ಸಂಚುಗಳು ಇವೆಯಾ ಅನ್ನುವುದಲ್ಲ. ನಿಜವಾದ ಸಂಚನ್ನೂ ಕಟ್ಟಿದ ಕತೆಯನ್ನೂ ಬೇರೆ ಮಾಡುವುದು ಹೇಗೆ, ಅದು.

ಇಂಥ ಕತೆಗಳನ್ನು ದಡ್ಡರು ನಂಬುತ್ತಾರೆ ಅನ್ನುವ ಮಾತನ್ನು ಇಲ್ಲೇ ಬಿಟ್ಟುಬಿಡೋಣ. ನಂಬುವ ಮನಸ್ಸಿನ ಒಳಗೆ ನಡೆಯುವುದೆಲ್ಲ ನಮ್ಮೆಲ್ಲರ ಒಳಗೂ ನಡೆಯುತ್ತದೆ.

ದೊಡ್ಡ ಘಟನೆಗೆ ದೊಡ್ಡ ಕಾರಣವೇ ಬೇಕು ಅಂತ ನಮಗೆ ಅನಿಸುತ್ತದೆ. 1963ರಲ್ಲಿ ಅಧ್ಯಕ್ಷ ಕೆನಡಿಯ ಕೊಲೆಯಾಯಿತು. ಅವತ್ತಿನಿಂದ ಇವತ್ತಿನವರೆಗೆ ಅದರ ಸುತ್ತ ಎಷ್ಟು ಕತೆಗಳಿವೆಯೋ ಲೆಕ್ಕವಿಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೂ ಗುಂಡು ಹಾರಿತು. ಅವರು ಬದುಕಿದರು. ಅದರ ಹಿಂದೆ ಯಾವ ದೊಡ್ಡ ಜಾಲವಿತ್ತು ಅಂತ ರಾತ್ರಿಯೆಲ್ಲ ವಾದ ಮಾಡುವವರನ್ನು ನೀವು ನೋಡಿದ್ದೀರಾ? 1979ರಲ್ಲೇ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿದ್ದರು. ಅಧ್ಯಕ್ಷನಿಗೆ ಗುಂಡು ತಗುಲಿ ಸತ್ತ ಅಂತ ಹೇಳಿದರೆ ಜನ ಸಂಚನ್ನು ಊಹಿಸುತ್ತಾರೆ, ಗುರಿ ತಪ್ಪಿತು ಅಂದರೆ ಅಷ್ಟಾಗಿ ಊಹಿಸುವುದಿಲ್ಲ. ಗುಂಡು ಒಂದಿಷ್ಟು ಅತ್ತ ಹೋಯಿತೋ ಇತ್ತ ಹೋಯಿತೋ ಅನ್ನುವುದಕ್ಕೂ ಗುಂಡು ಹಾರಿಸಿದವರು ಎಷ್ಟು ಜನ ಅನ್ನುವುದಕ್ಕೂ ಏನು ಸಂಬಂಧ, ಹೇಳಿ.

ಇನ್ನೊಂದು, ಉದ್ದೇಶ ಹುಡುಕುವ ಚಾಳಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ಗಾದೆಯನ್ನೇನೋ ಹೇಳುತ್ತೇವೆ. ಆದರೆ ಮುರಿದ ಕೊಂಬೆ ನಮ್ಮ ತಲೆ ಮೇಲೆ ಬಿದ್ದ ದಿನ ಕಾಗೆಯನ್ನೇ ಹಿಡಿದು ವಿಚಾರಣೆ ಮಾಡುತ್ತೇವೆ. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಅನ್ನುವ ಇಬ್ಬರು ಒಂದು ಪುಟ್ಟ ಚಿತ್ರ ತೋರಿಸಿದ್ದರು. ಅದರಲ್ಲಿದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಆಯತ, ಅತ್ತಿತ್ತ ಓಡಾಟ, ಅಷ್ಟೇ. ನೋಡಿದವರು ಏನು ಹೇಳಿದರು ಗೊತ್ತಾ? ದೊಡ್ಡ ತ್ರಿಕೋನ ಪುಂಡ, ಚಿಕ್ಕವನಿಗೆ ಹೊಡೆಯುತ್ತಾನೆ, ವೃತ್ತ ಹೆದರಿ ಓಡುತ್ತದೆ ಅಂತ. ಕಾಗದದ ತುಂಡುಗಳಲ್ಲೇ ಖಳನಾಯಕನನ್ನು ಕಾಣುವವರು, ಮಾರುಕಟ್ಟೆ ಕುಸಿದಾಗ, ರೋಗ ಹರಡಿದಾಗ ಸುಮ್ನೆ ಇರುತ್ತೇವಾ?

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1983ರಲ್ಲಿ ಬರೆದ ಲಿಂಡಾ ಪ್ರಶ್ನೆ ಕೆಲವರಿಗೆ ಗೊತ್ತಿರಬಹುದು. ಲಿಂಡಾಗೆ 31 ವರ್ಷ. ಜಾಣೆ, ನೇರ ಮಾತು. ಓದಿದ್ದು ತತ್ವಶಾಸ್ತ್ರ, ಓದುವಾಗ ತಾರತಮ್ಯದ ವಿರುದ್ಧ ಹೋರಾಟಗಳಲ್ಲಿ ಇದ್ದಳು. ಈಗ ಯಾವುದು ಹೆಚ್ಚು ಸಂಭವ: ಆಕೆ ಬ್ಯಾಂಕ್ ಗುಮಾಸ್ತೆಯೋ, ಅಥವಾ ಬ್ಯಾಂಕ್ ಗುಮಾಸ್ತೆ ಮತ್ತು ಸ್ತ್ರೀವಾದಿ ಕಾರ್ಯಕರ್ತೆಯೋ? ನೂರಕ್ಕೆ ಸುಮಾರು 85 ಜನ ಎರಡನೆಯದನ್ನು ಆರಿಸಿದರು. ಎರಡನೆಯದು ಹೆಚ್ಚು ಸಂಭವ ಆಗಲು ಸಾಧ್ಯವೇ ಇಲ್ಲ. ಎರಡೂ ಆಗಿರುವವರೆಲ್ಲ ಮೊದಲ ಗುಂಪಿನಲ್ಲೂ ಇದ್ದೇ ಇರುತ್ತಾರಲ್ವಾ? ಇನ್ನೊಂದು ಷರತ್ತು ಸೇರಿಸಿದರೆ ಸಂಭವ ಕಡಿಮೆಯಾಗಬೇಕು, ಜಾಸ್ತಿ ಆಗಲಾರದು.

ಪಿತೂರಿ ಕತೆ ಬೆಳೆಯುವುದೇ ಹೀಗೆ. 'ಏನೋ ಮುಚ್ಚಿಡುತ್ತಿದ್ದಾರೆ' ಅಂದರೆ ಯಾರೂ ತಿರುಗಿ ನೋಡುವುದಿಲ್ಲ. 'ಇಂಥ ಸಂಸ್ಥೆ, ಇಂಥ ವರ್ಷ, ಇಂಥ ಕೊಠಡಿಯಲ್ಲಿ, ಇಂಥವರ ಜೊತೆ ಸೇರಿ, ಇಂಥ ಲಾಭಕ್ಕೆ' ಅಂದ ತಕ್ಷಣ ಕಿವಿ ನೆಟ್ಟಗಾಗುತ್ತದೆ. ಒಂದೊಂದು ವಿವರ ಸೇರಿದಾಗಲೂ ಕತೆ ನಿಜವಾಗಿರುವ ಸಂಭವ ಕುಗ್ಗುತ್ತದೆ, ನಮ್ಮ ನಂಬಿಕೆ ಮಾತ್ರ ಹಿಗ್ಗುತ್ತದೆ. 'ಇಷ್ಟೆಲ್ಲ ವಿವರ ಯಾರಾದರೂ ಸುಮ್ನೆ ಹುಟ್ಟಿಸುತ್ತಾರಾ?' ಅಂತ ಕೇಳುವವರು ಕತೆಗಾರರನ್ನು ನೋಡಿಲ್ಲ ಅಂತ ಕಾಣುತ್ತದೆ.

ಪದೇಪದೇ ಕೇಳಿದ್ದು ನಿಜ ಅನಿಸುತ್ತದೆ ಅನ್ನುವುದು 1977ರಿಂದಲೇ ಪ್ರಯೋಗಗಳಲ್ಲಿ ಕಂಡಿದೆ. ಅದನ್ನು ವಿವರಿಸುವುದಿಲ್ಲ, ನಿಮ್ಮ ಫೋನ್ ತೆಗೆದು ನೋಡಿದರೆ ಸಾಕು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. 2012ರಲ್ಲಿ ಒಂದು ಅಧ್ಯಯನ ಬಂತು. ರಾಜಕುಮಾರಿ ಡಯಾನಾಳನ್ನು ಕೊಂದರು ಅಂತ ನಂಬುವವರು, ಆಕೆ ಸತ್ತ ಹಾಗೆ ನಾಟಕವಾಡಿ ಬದುಕಿದ್ದಾಳೆ ಅನ್ನುವುದನ್ನೂ ನಂಬುವ ಸಾಧ್ಯತೆ ಹೆಚ್ಚು ಅಂತ ಅದು ಹೇಳಿತು. ನಮ್ಮಂಥ ಭಾಷಣಕಾರರಿಗೆ ಹಬ್ಬ! 'ನೋಡಿ, ಇವರು ಹೇಗೆ ಒಂದೇ ಬಾಯಲ್ಲಿ ಎರಡು ಮಾತು ನಂಬುತ್ತಾರೆ' ಅಂತ ಎಲ್ಲ ಕಡೆ ಹೇಳಿದ್ದೇ ಹೇಳಿದ್ದು. 2023ರಲ್ಲಿ ಬೇರೆ ಸಂಶೋಧಕರು ಮತ್ತೆ ನೋಡಿದರು. ಆ ಸಂಬಂಧ ಮುಖ್ಯವಾಗಿ ಬಂದದ್ದು ಎರಡನ್ನೂ ನಂಬದವರಿಂದ ಅಂತ ಗೊತ್ತಾಯಿತು. ಎರಡನ್ನೂ ಒಟ್ಟಿಗೆ ನಂಬುವವರು ತೀರಾ ವಿರಳ. ಪಿತೂರಿ ನಂಬುವವರ ಬಗ್ಗೆಯೂ ನಮಗೆ ಇಷ್ಟವಾಗುವ ಕತೆಗಳು ಇರುತ್ತವೆ, ಅವು ನಮ್ಮ ಪರೀಕ್ಷೆಯಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ.

ಪಿತೂರಿ ಕತೆ ಹೇಳುವವರ ಮೇಲೆ ನನ್ನ ದೂರು ಇದೇ. ಜಾಸ್ತಿ ಸಂಶಯಪಡುತ್ತಾರೆ ಅಂತ ಅಲ್ಲ, ಅರ್ಧಕ್ಕೇ ನಿಲ್ಲಿಸುತ್ತಾರೆ ಅಂತ. ಸರ್ಕಾರ ಹೇಳಿದ್ದನ್ನು ಅಕ್ಷರ ಅಕ್ಷರ ಬಿಡಿಸಿ ನೋಡುತ್ತಾರೆ. ಹೆಸರಿಲ್ಲದ ವಿಡಿಯೊ ಹೇಳಿದ್ದನ್ನು ಒಂದೇ ಗುಟುಕಿಗೆ ನುಂಗುತ್ತಾರೆ. 'ಇದರಿಂದ ಯಾರಿಗೆ ಲಾಭ' ಅಂತ ಕೇಳುತ್ತಾರೆ, ಈ ಕತೆ ಹರಡಿದರೆ ಯಾರಿಗೆ ಲಾಭ ಅಂತ ಕೇಳುವುದಿಲ್ಲ.

ಅದಕ್ಕೂ ಒಂದು ಉದಾಹರಣೆ ಇದೆ, ನಮ್ಮ ದೇಶದ ಮೂಲಕವೇ ಹಾದುಹೋದದ್ದು. 1983ರ ಜುಲೈನಲ್ಲಿ ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಪತ್ರ ಅಚ್ಚಾಯಿತು. ಏಡ್ಸ್ ಕಾಯಿಲೆಯನ್ನು ಅಮೆರಿಕದ ಸೇನೆ ಪ್ರಯೋಗಾಲಯದಲ್ಲಿ ತಯಾರಿಸಿದೆ ಅಂತ ಅದರಲ್ಲಿತ್ತು. ಬರೆದವರು ಅಮೆರಿಕದ ಒಬ್ಬ ಹೆಸರಾಂತ ವಿಜ್ಞಾನಿಯಂತೆ. ಎರಡು ವರ್ಷದ ನಂತರ ಸೋವಿಯತ್ ಪತ್ರಿಕೆಯೊಂದು 'ಭಾರತದ ಪತ್ರಿಕೆ ಹೀಗೆ ಬರೆದಿದೆ' ಅಂತ ಅದನ್ನೇ ಎತ್ತಿಕೊಂಡಿತು. ಅಲ್ಲಿಂದ ಅದು ಹತ್ತಾರು ದೇಶಗಳಿಗೆ ಹೋಯಿತು. ಇಡೀ ಕತೆ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಯ ಕೆಲಸ. 1992ರಲ್ಲಿ ರಷ್ಯಾದ ಗುಪ್ತಚರ ಮುಖ್ಯಸ್ಥ ಪ್ರಿಮಾಕೋವ್ ಇದನ್ನು ಒಪ್ಪಿಕೊಂಡರು. ಅಂದರೆ ಅಲ್ಲಿ ನಿಜವಾದ ಸಂಚೊಂದು ಇತ್ತು. ಅದು ಕತೆಯ ಒಳಗಿರಲಿಲ್ಲ, ಕತೆಯೇ ಸಂಚಾಗಿತ್ತು.

ಹಾಗಾದರೆ ಪೂರ್ತಿ ಸಂಶಯಪಡುವುದು ಹೇಗೆ? ನನಗೆ ಗೊತ್ತಿರುವ ಒಳ್ಳೆಯ ಮಾದರಿ 1348ರದ್ದು.

ಯುರೋಪಿನಲ್ಲಿ ಪ್ಲೇಗ್ ಹಬ್ಬಿತ್ತು. ಊರಿಗೆ ಊರೇ ಸಾಯುತ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ, ಸೂಕ್ಷ್ಮಾಣುವಿನ ಕಲ್ಪನೆಯೇ ಇರಲಿಲ್ಲ. ಯಹೂದಿಗಳು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ ಅನ್ನುವ ಮಾತು ಎದ್ದಿತು. ಚಿತ್ರಹಿಂಸೆ ಕೊಟ್ಟು ಪಡೆದ 'ತಪ್ಪೊಪ್ಪಿಗೆ'ಗಳೂ ಇದ್ದವು. ವಿವರಗಳಿಗೆ ಕೊರತೆ ಇರಲಿಲ್ಲ, ಲಿಂಡಾ ನೆನಪಿರಲಿ. ಆಗ ಪೋಪ್ ಆಗಿದ್ದವರು ಆರನೇ ಕ್ಲೆಮೆಂಟ್. ಸೆಪ್ಟೆಂಬರ್‌ನಲ್ಲಿ ಅವರು ಹೊರಡಿಸಿದ ಆಜ್ಞೆಯಲ್ಲಿ ಎರಡು ಮಾತು ಇದ್ದವು. ಈ ರೋಗದಿಂದ ಯಹೂದಿಗಳೂ ಸಾಯುತ್ತಿದ್ದಾರೆ. ಯಹೂದಿಗಳೇ ಇಲ್ಲದ ಕಡೆಯೂ ಜನ ಸಾಯುತ್ತಿದ್ದಾರೆ.

ಅವರಿಗೆ ಪ್ಲೇಗಿನ ನಿಜವಾದ ಕಾರಣ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಕಾರಣ ಇದೇ ಆಗಿದ್ದರೆ ಅದು ಇಲ್ಲದ ಕಡೆ ಏನಾಗಬೇಕಿತ್ತು, ಏನಾಗಿದೆ ಅಂತ ಕೇಳಿದರು, ಅಷ್ಟೇ. 2020ರಲ್ಲಿ 5ಜಿ ಗೋಪುರಗಳಿಂದ ಕೋವಿಡ್ ಬರುತ್ತದೆ ಅಂತ ನಂಬಿ ಬ್ರಿಟನ್ನಿನಲ್ಲಿ ಗೋಪುರಗಳಿಗೆ ಬೆಂಕಿ ಇಟ್ಟರಲ್ಲ, ಅದಕ್ಕೂ ಇದೇ ಪ್ರಶ್ನೆ ಸಾಕಾಗಿತ್ತು. 5ಜಿ ಕಾಲಿಡದ ದೇಶಗಳಲ್ಲೂ ಕೋವಿಡ್ ಹರಡಿತ್ತು. ಆರೂವರೆ ಶತಮಾನಕ್ಕಿಂತ ಹಳೆಯ ಪ್ರಶ್ನೆ ಇನ್ನೂ ಕೆಲಸ ಮಾಡುತ್ತದೆ.

ಇನ್ನೊಂದು ದಾರಿ, ನಿಜವಾದ ಸಂಚುಗಳು ಹೇಗೆ ಬಯಲಾದವು ಅಂತ ನೋಡುವುದು. ಅಮೆರಿಕದ ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಕಳ್ಳರು ಸಿಕ್ಕಿಬಿದ್ದದ್ದು ಜೂನ್ 1972, ಅದನ್ನು ಮುಚ್ಚಿಹಾಕಲು ಹೋದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಆಗಸ್ಟ್ 1974. ಲೋಕದಲ್ಲೇ ಅತಿ ಹೆಚ್ಚು ಅಧಿಕಾರ ಇದ್ದ ಮನುಷ್ಯನಿಗೆ ಕೆಲವೇ ಜನರ ಬಾಯಿಯನ್ನು ಎರಡು ವರ್ಷ ಮುಚ್ಚಿಸಲು ಆಗಲಿಲ್ಲ. ಫೋಕ್ಸ್‌ವ್ಯಾಗನ್ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಕಡಿಮೆ ಹೊಗೆ ಬಿಡುವ ತಂತ್ರಾಂಶವನ್ನು ಕಾರುಗಳಲ್ಲಿ ಸೇರಿಸಿತ್ತು. ಸುಮಾರು 1.1 ಕೋಟಿ ಕಾರುಗಳು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಳತೆಯ ಉಪಕರಣವನ್ನು ಕಾರಿನಲ್ಲೇ ಇಟ್ಟು ರಸ್ತೆಯಲ್ಲಿ ಓಡಿಸಿ ನೋಡಿದ ಮೇಲೆ, 2015ರಲ್ಲಿ ಅದು ಹೊರಬಿತ್ತು. ಸಿಗರೇಟು ಕಂಪನಿಗಳು 1953ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹೋಟೆಲಿನಲ್ಲಿ ಸೇರಿ, ಕ್ಯಾನ್ಸರ್ ಸಂಬಂಧವನ್ನು ಮಸುಕು ಮಾಡುವ ಪ್ರಚಾರಕ್ಕೆ ಇಳಿದವು. ಅದರಲ್ಲೊಂದು ಕಂಪನಿಯ 1969ರ ಒಳಪತ್ರದಲ್ಲಿ 'ಸಂಶಯವೇ ನಮ್ಮ ಸರಕು' ಅಂತ ಬರೆದೇ ಇದೆ. ಇಂಥ ಕಾಗದಗಳು ರಾಶಿರಾಶಿಯಾಗಿ ಹೊರಬಂದದ್ದು 1990ರ ದಶಕದಲ್ಲಿ, ನ್ಯಾಯಾಲಯಗಳ ಮೂಲಕ.

ಇವುಗಳಲ್ಲಿ ಸಾಮಾನ್ಯವಾದದ್ದೇನು? ಕಾಗದ ಸಿಕ್ಕಿತು, ಅಳತೆ ಸಿಕ್ಕಿತು, ಹೆಸರು ಹೇಳಿ ಮಾತಾಡುವ ಮನುಷ್ಯ ಸಿಕ್ಕ. ಉದ್ದೇಶವೂ ಸಣ್ಣದು: ಚುನಾವಣೆ ಗೆಲ್ಲಬೇಕು, ಸರಕು ಮಾರಬೇಕು. ಲೋಕವನ್ನೇ ಆಳುವ ಯೋಜನೆ ಯಾವುದರಲ್ಲೂ ಇಲ್ಲ.

ಆದರೆ ಟಸ್ಕೀಗಿ ನಲವತ್ತು ವರ್ಷ ನಡೆಯಿತಲ್ಲ ಅಂತ ಅಲ್ಲಿ ಒಬ್ಬರು ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ಅದು ರೋಗಿಗಳಿಗೆ ಗುಟ್ಟಾಗಿತ್ತು, ವೈದ್ಯರಿಗಲ್ಲ. 1936ರಿಂದಲೇ ಅದರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಓದಿದವರು ಓದಿ ಪುಟ ತಿರುವಿದರು. ಅದೇ ಆರೋಗ್ಯ ಇಲಾಖೆಯಲ್ಲಿದ್ದ ಪೀಟರ್ ಬಕ್ಸ್ಟನ್ 1966ರಲ್ಲಿ ಒಳಗೇ ಆಕ್ಷೇಪಿಸಿದರು, ಯಾರೂ ಕಿವಿಗೊಡಲಿಲ್ಲ. ಕೊನೆಗೆ ಅವರು ಪತ್ರಕರ್ತರಿಗೆ ಹೇಳಿದ ಮೇಲೆ 1972ರಲ್ಲಿ ಸುದ್ದಿಯಾಯಿತು. ನನ್ನನ್ನು ಕೇಳಿದರೆ, ಭೂಗತ ಕೊಠಡಿಯ ಗುಟ್ಟಿಗಿಂತ ಇದು ಭಯಂಕರ. ಬೆಳಕಿನಲ್ಲೇ ಇದ್ದದ್ದು ಹೆಚ್ಚಿನವರಿಗೆ ತಪ್ಪು ಅನಿಸಲೇ ಇಲ್ಲ.

ಈಗ ಚಂದ್ರನ ಮೇಲೆ ಮನುಷ್ಯ ಇಳಿದೇ ಇಲ್ಲ ಅನ್ನುವ ಕತೆಯನ್ನು ಪಕ್ಕದಲ್ಲಿಡಿ. ಅಪೋಲೊ ಯೋಜನೆಗೆ ದುಡಿದವರು ಸುಮಾರು ನಾಲ್ಕು ಲಕ್ಷ ಜನ. ತಂದ ಕಲ್ಲುಮಣ್ಣು 382 ಕಿಲೋ, ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ಅದನ್ನು ಪರೀಕ್ಷಿಸಿವೆ. ಅಲ್ಲಿ ಇಟ್ಟುಬಂದ ಪ್ರತಿಫಲಕಗಳಿಗೆ ಇವತ್ತಿಗೂ ಭೂಮಿಯಿಂದ ಲೇಸರ್ ಬಿಟ್ಟು ದೂರ ಅಳೆಯುತ್ತಾರೆ. ಇದೆಲ್ಲ ಬೇಡ. ಅಮೆರಿಕದ ಸುಳ್ಳನ್ನು ಬಯಲು ಮಾಡಲು ಯಾರಿಗಾದರೂ ಆಸೆ, ಉಪಕರಣ ಎರಡೂ ಇದ್ದರೆ ಅದು ಸೋವಿಯತ್ ಒಕ್ಕೂಟಕ್ಕೆ. ಅದು ಸುಮ್ಮನಿತ್ತು. ಇದಕ್ಕೆ 'ಅವರೂ ಸೇರಿಕೊಂಡಿದ್ದರು' ಅನ್ನುವ ಉತ್ತರ ಬಂದರೆ ಅಲ್ಲಿ ನಿಲ್ಲಿ. ಎದುರು ಪುರಾವೆ ಬಂದಾಗಲೆಲ್ಲ ಸಂಚಿಗೆ ಇನ್ನಷ್ಟು ಜನ ಸೇರುತ್ತಾ ಹೋದರೆ, ಆ ಕತೆಯನ್ನು ಸುಳ್ಳು ಮಾಡಲು ಏನು ಸಿಕ್ಕರೂ ಸಾಲುವುದಿಲ್ಲ. ಹಾಗಿರುವ ಕತೆಯಿಂದ ನಮಗೆ ಏನೂ ತಿಳಿಯುವುದಿಲ್ಲ.

ಸರಿ, ಇಷ್ಟೆಲ್ಲ ಕೇಳಿದರೆ ಜನ ಬದಲಾಗುತ್ತಾರಾ? ಕ್ಲೆಮೆಂಟ್ ಅಷ್ಟು ಚೆನ್ನಾಗಿ ಬರೆದರು. ಐದು ತಿಂಗಳು ಕಳೆಯುವುದರೊಳಗೆ, 1349ರ ಫೆಬ್ರವರಿಯಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯಹೂದಿಗಳನ್ನು ಸುಟ್ಟರು. ಆಗ ಆ ಊರಿಗೆ ಪ್ಲೇಗ್ ಇನ್ನೂ ಬಂದೇ ಇರಲಿಲ್ಲ.

ವಾದ ಸರಿಯಿದ್ದರೆ ಸಾಲದು ಅಂತ ಆಯಿತಲ್ಲ. ಏನು ಸಾಕಾಗುತ್ತದೆ ಅನ್ನುವುದಕ್ಕೆ ನೈಜೀರಿಯಾಕ್ಕೆ ಹೋಗೋಣ. 2003ರಲ್ಲಿ ಅಲ್ಲಿನ ಉತ್ತರದ ಕಾನೊ ರಾಜ್ಯ ಪೋಲಿಯೊ ಲಸಿಕೆಯನ್ನು ನಿಲ್ಲಿಸಿತು. ಲಸಿಕೆಯಲ್ಲಿ ಮಕ್ಕಳಾಗದಂತೆ ಮಾಡುವ ವಸ್ತು ಇದೆ, ಪಶ್ಚಿಮದ ದೇಶಗಳ ಸಂಚು ಇದು ಅನ್ನುವ ಸುದ್ದಿ ಹಬ್ಬಿತ್ತು. ಸುದ್ದಿ ಸುಳ್ಳು. ಆದರೆ ಜನ ಅದನ್ನು ಯಾಕೆ ನಂಬಿದರು? 1996ರಲ್ಲಿ ಅದೇ ಕಾನೊದಲ್ಲಿ ಮೆದುಳು ಪೊರೆಯ ಜ್ವರ ಹಬ್ಬಿದಾಗ, ಅಮೆರಿಕದ ದೊಡ್ಡ ಔಷಧ ಕಂಪನಿಯೊಂದು ಹೊಸ ಔಷಧಿಯನ್ನು ಮಕ್ಕಳ ಮೇಲೆ ಪ್ರಯೋಗ ಮಾಡಿತ್ತು. ತಂದೆತಾಯಿಯ ಒಪ್ಪಿಗೆಯನ್ನು ಸರಿಯಾಗಿ ಪಡೆದಿರಲಿಲ್ಲ ಅನ್ನುವ ಆರೋಪ ಬಂತು. ಕಂಪನಿ ತಪ್ಪು ಮಾಡಿಲ್ಲ ಅಂತಲೇ ಹೇಳಿತು, 2009ರಲ್ಲಿ ಕಾನೊ ಸರ್ಕಾರದ ಜೊತೆ ರಾಜಿ ಮಾಡಿಕೊಂಡಿತು. ಇದನ್ನು ಕಂಡಿದ್ದ ತಾಯಿಗೆ 'ಲಸಿಕೆ ಸುರಕ್ಷಿತ, ವಿಜ್ಞಾನ ನಂಬಿ' ಅಂದರೆ ಹೇಗೆ ಕೇಳಿಸುತ್ತದೆ?

ಸುಮಾರು ಒಂದು ವರ್ಷ ಲಸಿಕೆ ನಿಂತಿತು. ನೈಜೀರಿಯಾದಿಂದ ಹೊರಟ ವೈರಸ್ ಹಲವು ದೇಶಗಳಿಗೆ ಹೋಯಿತು. ಕಡೆಗೆ ಬಗೆಹರಿದದ್ದು ಭಾಷಣಗಳಿಂದಲ್ಲ. ಧಾರ್ಮಿಕ ಮುಖಂಡರನ್ನೂ ಸ್ಥಳೀಯ ತಜ್ಞರನ್ನೂ ಪರೀಕ್ಷೆಯಲ್ಲಿ ಸೇರಿಸಿಕೊಂಡರು. ಮುಸ್ಲಿಮರೇ ಹೆಚ್ಚಿರುವ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆ ತರಿಸಿದರು. 2004ರಲ್ಲಿ ಕಾನೊ ಮತ್ತೆ ಶುರು ಮಾಡಿತು. ಇದರಲ್ಲೊಂದು ವಿಪರ್ಯಾಸವಿದೆ: ಹತ್ತು ವರ್ಷ ಪೋಲಿಯೊ ಇಲ್ಲದಿದ್ದ ಆ ಇಂಡೋನೇಷ್ಯಾದಲ್ಲೇ 2005ರಲ್ಲಿ ರೋಗ ಮತ್ತೆ ಕಾಣಿಸಿತು, ವೈರಸ್‌ನ ಜಾಡು ಹಿಡಿದರೆ ಅದು ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಮುಟ್ಟಿತು. ಆಫ್ರಿಕಾ ಖಂಡ ಸಹಜ ಪೋಲಿಯೊ ವೈರಸ್‌ನಿಂದ ಮುಕ್ತ ಅಂತ ಘೋಷಣೆಯಾದದ್ದು 2020ರ ಆಗಸ್ಟ್‌ನಲ್ಲಿ.

ಕಾನೊದ ಜನರಿಗೆ ಯಾರೂ 'ನಿಮ್ಮ ಸಂಶಯ ಮೂರ್ಖತನ' ಅಂತ ಹೇಳಿ ಗೆಲ್ಲಲಿಲ್ಲ. ಸಂಶಯಪಟ್ಟವರ ಕೈಗೇ ಪರೀಕ್ಷೆಯನ್ನು ಕೊಟ್ಟರು. ನಿಮ್ಮ ಮನೆಯಲ್ಲೂ ಇದನ್ನೇ ಸಣ್ಣದಾಗಿ ಮಾಡಬಹುದು. ಚಿಕ್ಕಪ್ಪನೋ ಅತ್ತೆಯೋ ಇಂಥ ಕತೆ ಹೇಳಿದಾಗ, ಅದರಲ್ಲಿ ನಿಜವಾಗಿರುವ ಭಾಗವನ್ನು ಮೊದಲು ಒಪ್ಪಿಕೊಳ್ಳಿ. ಔಷಧ ಕಂಪನಿಗಳು ಹಣಕ್ಕಾಗಿ ತಪ್ಪು ಮಾಡಿವೆ, ಹೌದು. ಆಮೇಲೆ 'ಇದರಲ್ಲಿ ನಿಮಗೆ ಎಲ್ಲಕ್ಕಿಂತ ಗಟ್ಟಿ ಅನಿಸಿದ ಪುರಾವೆ ಯಾವುದು?' ಅಂತ ಕೇಳಿ, ಅದೊಂದನ್ನೇ ಇಬ್ಬರೂ ಕೂತು ಹುಡುಕಿ. ಆ ಪುಟದಲ್ಲೇ ಕಣ್ಣು ನೆಟ್ಟು ಕೂರಬೇಡಿ. ಹೊರಗೆ ಬನ್ನಿ, ಬರೆದವರು ಯಾರು, ಅವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡಿ. ಸತ್ಯಶೋಧನೆಯನ್ನೇ ವೃತ್ತಿ ಮಾಡಿಕೊಂಡವರು ಹೀಗೇ ಮಾಡುತ್ತಾರೆ.

ಪುರಾವೆ ತೋರಿಸಿದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದಂತಲ್ಲ ಅಂತ ಕೇಳುವವರಿದ್ದಾರೆ. 2010ರ ಸುಮಾರಿಗೆ ಹಾಗೆ ಹೇಳುತ್ತಿದ್ದರು. ಆಮೇಲೆ ದೊಡ್ಡದಾಗಿ ಪರೀಕ್ಷಿಸಿದಾಗ ಹಾಗೆ ಆಗುವುದು ಅಪರೂಪ ಅಂತ ಕಂಡಿತು. 2024ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ತಾವು ನಂಬುವ ಕತೆಯ ಬಗ್ಗೆ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಜೊತೆ ಮಾತಾಡಿದರು. ಅದು ಅವರು ಕೊಟ್ಟ ಕಾರಣಗಳಿಗೇ ಒಂದೊಂದಾಗಿ, ಸಿಟ್ಟಿಲ್ಲದೆ ಉತ್ತರ ಕೊಟ್ಟಿತು. ನಂಬಿಕೆ ಸರಾಸರಿ ಶೇ 20ರಷ್ಟು ಇಳಿಯಿತು, ಎರಡು ತಿಂಗಳ ನಂತರವೂ ಹಾಗೇ ಉಳಿದಿತ್ತು. ಯಂತ್ರಕ್ಕೆ ಸಿಟ್ಟು ಬರುವುದಿಲ್ಲ, ಗೆಲ್ಲಬೇಕು ಅನ್ನುವ ಹಟವೂ ಇಲ್ಲ. ಆ ಅನುಕೂಲ ನಮಗಿಲ್ಲ, ಬಿಡಿ.

ಆದರೆ ಆ ಅಂಕಿಯನ್ನು ಪೂರ್ತಿ ಓದಿ. ನಾಲ್ವರಲ್ಲಿ ಒಬ್ಬರಷ್ಟೇ ನಂಬಿಕೆಯಿಂದ ಹೊರಬಂದರು. ಉಳಿದ ಮೂವರು ಇನ್ನೂ ನಂಬುತ್ತಲೇ ಇದ್ದರು, ಹಲವರಲ್ಲಿ ಪಟ್ಟು ಮಾತ್ರ ಸ್ವಲ್ಪ ಸಡಿಲವಾಗಿತ್ತು. ಒಂದೇ ಸಂಜೆಯಲ್ಲಿ ಅದಕ್ಕಿಂತ ಜಾಸ್ತಿ ನೀವೂ ನಿರೀಕ್ಷಿಸಬೇಡಿ. ಮತ್ತೆ, ಎಲ್ಲರೂ ಇರುವ ಗ್ರೂಪಿನಲ್ಲಿ ತಿದ್ದಲು ಹೋಗಬೇಡಿ. ನಾಲ್ಕು ಜನರ ಮುಂದೆ ಸೋತವರು ಮನಸ್ಸಿನಲ್ಲಿ ಒಪ್ಪಿದರೂ ಬಾಯಲ್ಲಿ ಒಪ್ಪುವುದಿಲ್ಲ. ಬೇರೆಯಾಗಿ ಫೋನ್ ಮಾಡಿ, ಮೊದಲು ಅವರ ಮಾತು ಮುಗಿಯುವವರೆಗೆ ಕೇಳಿ.